ಮೊದಲು ಚಿಕ್ಕಬೆಟ್ಟ

ಗೈಡ್‌ಗಳ ಬಗ್ಗೆ ಹಾಸನದವರಾದ ನಮಗೆ ಒಳಗೊಳಗೇ ತಾತ್ಸಾರ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಮನೆಯ ಹಿತ್ತಿಲೆಂದೇ ತಿಳಿದುಕೊಂಡವರು ನಾವು. ಬೆಂಗಳೂರಿನಿಂದ ನೆಂಟರು ಬಂದರೆ ಕಾರು ಹತ್ತಿಸಿ ಕರೆದೊಯ್ಯುತ್ತೇವೆ, 'ಇದು ದರ್ಪಣಸುಂದರಿ, ಅದು ಜೋಡಿ ನಂದಿ, ಇವನು ಗೊಮ್ಮಟ' ಎಂದು ಬೆರಳು ತೋರಿಸುತ್ತೇವೆ, ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳುತ್ತೇವೆ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಯಾರಾದರೂ 'ವಿವರಿಸಲೇ ಸಾರ್?' ಎಂದು ಹತ್ತಿರ ಬಂದರೆ, 'ನಾವು ಇಲ್ಲಿಯವರೇ' ಎಂಬ ಒಂದೇ ಮಾತಿನಲ್ಲಿ ಸಾಗಹಾಕುತ್ತೇವೆ. ಇಲ್ಲಿಯವರೆಂಬುದೇ ಒಂದು ಪದವಿಯೆಂಬ ಧಾಟಿ ಆ ಮಾತಿನಲ್ಲಿ.

ಆದ್ದರಿಂದ ನಮ್ಮ ಬಡಾವಣೆಯ ಹಿರಿಯರ ಗುಂಪು ರೈಲಿನಲ್ಲಿ ಶ್ರವಣಬೆಳಗೊಳಕ್ಕೆ ಒಂದು ದಿನದ ಪ್ರವಾಸ ಗೊತ್ತುಮಾಡಿ, ವಿವರಿಸುವುದಕ್ಕೆಂದೇ ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರನ್ನು ಒಪ್ಪಿಸಿದೆ ಎಂದಾಗ ನನಗೆ ನಗು ಬಂತು. ಐವತ್ತು ಕಿಲೋಮೀಟರಿನ ದಾರಿಗೆ ರೈಲು, ಅದಕ್ಕೊಬ್ಬ ಗೈಡ್! ನಾನು ಹೋದದ್ದು ದೊಡ್ಡಮ್ಮನ ಸಲುವಾಗಿ. ಆಕೆಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ಬಸ್ಸಿನಲ್ಲಿ ತಲೆ ಸುತ್ತುತ್ತದೆ. ರೈಲಾದರೆ ಎಲ್ಲಿಗಾದರೂ ತಯಾರು. 'ಜೊತೆಗೆ ನೀನೂ ಬಾ, ನೀರಿನ ಬಾಟಲಿ ಹಿಡಿದುಕೊಳ್ಳುವವರು ಬೇಕು' ಎಂದಳು.

ಈ ರೈಲಿನ ಮೇಲೆ ಹಾಸನದವರಿಗೆ ವಿಶೇಷ ಮಮತೆ ಇರುವುದಕ್ಕೆ ಕಾರಣವಿದೆ. ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಒಂದೋ ಅರಸೀಕೆರೆ, ಇಲ್ಲವೇ ಮೈಸೂರು ಸುತ್ತಬೇಕಿದ್ದ ಕಾಲ ಬಹಳ ದೂರವೇನೂ ಅಲ್ಲ. ದೇವೇಗೌಡರು ಪ್ರಧಾನಿಯಾಗಿದ್ದಾಗ ಮಂಜೂರಾದ ನೇರ ಮಾರ್ಗದಲ್ಲಿ, ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೇಲೆ ಹಾಸನಕ್ಕೆ ರೈಲು ಓಡಿದ್ದು 2017ರ ಮಾರ್ಚಿನಲ್ಲಿ. ಮದುವೆಗೆ ಮುಂಚೆ ಕೇಳಿದ ಸುದ್ದಿ ಮಗಳ ಮದುವೆಯ ಹೊತ್ತಿಗೆ ನಿಜವಾಯಿತೆಂದು ದೊಡ್ಡಮ್ಮ ಹೇಳುವುದುಂಟು. ಲೆಕ್ಕ ಹಾಕಿದರೆ ಕೂಡುವುದಿಲ್ಲ, ಆದರೆ ಅವಳ ಅಸಮಾಧಾನ ಸರಿಯಾಗಿಯೇ ಇದೆ.

ಡಿಸೆಂಬರಿನ ಬೆಳಗು. ಕಿಟಕಿಯ ಕಬ್ಬಿಣ ಮುಟ್ಟಿದರೆ ಕೈ ಕೊರೆಯುತ್ತಿತ್ತು. ಊರು ಬಿಟ್ಟ ಕೂಡಲೇ ಎರಡೂ ಬದಿ ಕೊಯ್ಲಾದ ರಾಗಿ ಹೊಲಗಳು, ಅಲ್ಲೊಂದು ಇಲ್ಲೊಂದು ಮೆದೆ, ಆಮೇಲೆ ತೆಂಗಿನ ತೋಟಗಳ ಸಾಲು. ಗುಂಪಿನ ಹೆಂಗಸರು ಬುತ್ತಿ ಬಿಚ್ಚಲು ಹಾಸನದ ಹೊರವಲಯ ದಾಟುವವರೆಗೂ ಕಾಯಲಿಲ್ಲ. ಮೇಷ್ಟ್ರು ಎದ್ದು ನಿಂತು ಭಾಷಣ ಮಾಡಿಯಾರೆಂದು ಕಾದೆ. ಅವರು ಮೈಕು ತಂದಿರಲಿಲ್ಲ, ಸೀಟಿಯೂ ಇರಲಿಲ್ಲ, ಒಂದೇ ಬಣ್ಣದ ಟೋಪಿಗಳನ್ನೂ ಹಂಚಲಿಲ್ಲ. ಮಫ್ಲರ್ ಸುತ್ತಿಕೊಂಡು ಒಂದು ಸೀಟಿನಿಂದ ಇನ್ನೊಂದಕ್ಕೆ ಸರಿಯುತ್ತಾ, ಕೊಟ್ಟ ಇಡ್ಲಿ ತಿನ್ನುತ್ತಾ ಮಾತನಾಡುತ್ತಿದ್ದರು.

ಶಾಂತಿಗ್ರಾಮ ದಾಟುವಾಗ ನಮ್ಮ ಬಳಿ ಬಂದರು. 'ಅಮ್ಮ, ಈ ಊರಿಗೆ ಶಾಂತಲೆಯ ಹೆಸರು ಎಂದು ಹೇಳುತ್ತಾರಲ್ಲ, ಆಕೆಯ ತಾಯಿಯ ಹೆಸರು ಗೊತ್ತೇ?' ಎಂದು ದೊಡ್ಡಮ್ಮನನ್ನು ಕೇಳಿದರು. ಶಾಂತಲೆಗೆ ನಾಟ್ಯ ಗೊತ್ತಿತ್ತು, ವಿಷ್ಣುವರ್ಧನ ಗಂಡ, ಇಷ್ಟು ನಮಗೆಲ್ಲ ತಿಳಿದದ್ದೇ. ತಾಯಿಯ ವಿಚಾರ ಯಾರಿಗೂ ಗೊತ್ತಿರಲಿಲ್ಲ. 'ಮಾಚಿಕಬ್ಬೆ. ಇನ್ನೊಂದು ಗಳಿಗೆಯಲ್ಲಿ ಅವರ ಮನೆಯ ಬಾಗಿಲಿಗೇ ಹೋಗುತ್ತೇವೆ' ಎಂದು ಮುಂದಿನ ಸೀಟಿಗೆ ಹೋದರು. ದೊಡ್ಡಮ್ಮ ನನ್ನ ಕಡೆ ತಿರುಗಿ, 'ಇವರು ಸಾಮಾನ್ಯರಲ್ಲ' ಎಂದಳು.

ನಿಲ್ದಾಣದಿಂದ ಆಟೋಗಳಲ್ಲಿ ಊರೊಳಗೆ ಬಂದ ಮೇಲೆ ಜಗಳ ಶುರುವಾಯಿತು. ಒಂದು ದಿನಕ್ಕೆ ಬರುವವರ ಕ್ರಮ ಎಲ್ಲರಿಗೂ ಗೊತ್ತು. ನೇರವಾಗಿ ದೊಡ್ಡಬೆಟ್ಟ ಹತ್ತುವುದು, ಗೊಮ್ಮಟನ ಪಾದದ ಬಳಿ ಫೋಟೋ, ಇಳಿಯುವುದು, ಊಟ, ವಾಪಸು. ಎದುರಿನ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ, 'ಸಮಯವಿದ್ದರೆ ನೋಡೋಣ' ಎಂಬ ಪಟ್ಟಿಗೆ ಸೇರಿದ್ದು. ಸಮಯ ಎಂದೂ ಇರುವುದಿಲ್ಲ. ಹಿಂದಿರುಗುವ ರೈಲಿನ ಹೊತ್ತು ಮೊದಲೇ ನಿಗದಿಯಾಗಿರುವುದರಿಂದ ಅದಕ್ಕೆ ಬಲಿಯಾಗುವುದು ಯಾವಾಗಲೂ ಚಿಕ್ಕಬೆಟ್ಟವೇ. ಮೇಷ್ಟ್ರು ಇದನ್ನು ತಿರುವುಮುರುವು ಮಾಡಿದರು. 'ಮೊದಲು ಚಿಕ್ಕಬೆಟ್ಟ. ದೊಡ್ಡದು ಮಧ್ಯಾಹ್ನದ ಮೇಲೆ.'

ಬಿಸಿಲೇರಿದರೆ ಬಂಡೆ ಕಾಯುತ್ತದೆ, ಬರಿಗಾಲಲ್ಲಿ ಹತ್ತುವುದು ಹೇಗೆ ಎಂದು ಒಬ್ಬರು. ಗೊಮ್ಮಟನನ್ನು ನೋಡಲು ಬಂದವರಿಗೆ ಗೊಮ್ಮಟನನ್ನು ಮೊದಲು ತೋರಿಸಬೇಕೋ ಬೇಡವೋ ಎಂದು ಇನ್ನೊಬ್ಬರು. ನಿವೃತ್ತ ಅಧಿಕಾರಿಯೊಬ್ಬರು ಮಾತು ಬೆಳೆಸದೆ ತಮ್ಮ ಹೆಂಡತಿಯೊಂದಿಗೆ ದೊಡ್ಡಬೆಟ್ಟದ ಮೆಟ್ಟಿಲಿನ ಕಡೆ ನಡೆದೇಬಿಟ್ಟರು. ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. 'ಚಾವುಂಡರಾಯನೂ ಮೊದಲು ನಿಂತದ್ದು ಚಿಕ್ಕಬೆಟ್ಟದಲ್ಲೇ' ಎಂದರು. ತಾಯಿ ಕಾಳಲದೇವಿಯೊಂದಿಗೆ ಪೌದನಪುರದ ಬಾಹುಬಲಿಯ ದರ್ಶನಕ್ಕೆ ಹೊರಟವನು ಇಲ್ಲಿ ತಂಗಿದ, ಕನಸಿನಲ್ಲಿ ಅಪ್ಪಣೆಯಾಯಿತು, ಚಿಕ್ಕಬೆಟ್ಟದಿಂದ ಬಾಣ ಬಿಟ್ಟ, ಅದು ತಗುಲಿದ ಕಡೆ ದೊಡ್ಡಬೆಟ್ಟದ ನೆತ್ತಿಯಲ್ಲಿ ಮೂರ್ತಿ ತೋರಿತು ಎಂಬ ಐತಿಹ್ಯ ನಮಗೂ ಗೊತ್ತಿತ್ತು. ಬಾಣ ಎಲ್ಲಿಂದ ಹೊರಟಿತು ಎಂಬುದನ್ನು ಯಾರೂ ಗಮನಿಸಿರಲಿಲ್ಲ, ಅಷ್ಟೆ. ದೊಡ್ಡಮ್ಮ ಎರಡೂ ಬೆಟ್ಟಗಳ ಮೆಟ್ಟಿಲುಗಳನ್ನು ಕಣ್ಣಲ್ಲೇ ಅಳೆದು ಮೇಷ್ಟ್ರ ಪಕ್ಷ ಸೇರಿದಳು.

ಚಿಕ್ಕಬೆಟ್ಟದ ಮೇಲೆ ಒಂದೇ ಪ್ರಾಕಾರದೊಳಗೆ ಬಸದಿಗಳು ಒತ್ತೊತ್ತಾಗಿ ನಿಂತಿವೆ. ಮೇಷ್ಟ್ರು ಬಸದಿಗಳನ್ನು ಬಿಟ್ಟು ಮೊದಲು ಬಂಡೆಯ ಕಡೆಗೆ ಕರೆದೊಯ್ದರು. ಕಾಲ ಕೆಳಗೆಲ್ಲ ಬರಹ. ಕಂಬಿ ಹಾಕಿ ಕಾಪಾಡಿರುವ ಅಕ್ಷರಗಳು, ಏಳನೆಯ ಶತಮಾನದವು, ದುಂಡಗೆ, ಅಂಗೈಯಷ್ಟಗಲ ಕೆಲವು. ತಲೆಕಟ್ಟು ಈಗಿನಂತಿಲ್ಲ, ಆದರೂ ಬಾಗಿ ನೋಡಿದರೆ ಒಂದು 'ನ', ಒಂದು 'ರ' ಪರಿಚಯದವರ ಮುಖದಂತೆ ಗುರುತು ಸಿಕ್ಕುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರದ ಗೀರಿನೊಳಗೆ ನೆರಳು ಕೂರುತ್ತದೆ, ಮಧ್ಯಾಹ್ನ ಬಂದರೆ ಇದೆಲ್ಲ ಬರೀ ಬಂಡೆ. ಮೇಷ್ಟ್ರು ಚಿಕ್ಕಬೆಟ್ಟಕ್ಕೆ ಬೆಳಗನ್ನು ಮೀಸಲಿಟ್ಟದ್ದಕ್ಕೆ ಈ ಕಾರಣವೂ ಇತ್ತು.

ಅವರು ನಂದಿಸೇನ ಮುನಿಯ ಶಾಸನ ಓದಿದರು. 'ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್...' ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಬೇಗನೆ ಹರಿದುಹೋಗುತ್ತವೆ ರೂಪ, ಲೀಲೆ, ಸಿರಿ, ಯಾರಿಗೂ ನಿಲ್ಲುವುದಿಲ್ಲ. ಹಾಗೆಂದು ತಿಳಿದ ಮುನಿ ಸನ್ಯಸನ ಕೈಗೊಂಡು ದೇಹ ಬಿಟ್ಟ. ಕನ್ನಡದಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯ ಪದ್ಯಗಳಲ್ಲಿ ಇದೂ ಒಂದು. ಬೆಟ್ಟದ ಸುತ್ತ ಆ ಹೊತ್ತಿಗೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲವಾದ್ದರಿಂದ ಅರ್ಥ ಹೇಳುವುದು ಅವರಿಗೆ ಸುಲಭವಾಯಿತು.

ಹೀಗೆ ಆಹಾರ ತ್ಯಜಿಸಿ ಸತ್ತವರ ಬೆಟ್ಟ ಇದು. ಕಳ್ಬಪ್ಪು ಎಂಬ ಹಳೆಯ ಹೆಸರಿನ ಈ ಬಂಡೆಗೆ ಜನ ಬದುಕಲು ಬರಲಿಲ್ಲ, ಸಾಯಲು ಬಂದರು. ಮುನಿಗಳು, ಕಂತಿಯರೆಂಬ ಸನ್ಯಾಸಿನಿಯರು, ಶ್ರಾವಕರೆಂಬ ಗೃಹಸ್ಥರು. ಜೈನ ಗುರು ಭದ್ರಬಾಹು ಹನ್ನೆರಡು ವರ್ಷದ ಕ್ಷಾಮ ಬರುವುದನ್ನು ಮೊದಲೇ ಅರಿತದ್ದು, ಸಂಘ ಉತ್ತರದಿಂದ ದಕ್ಷಿಣಕ್ಕೆ ಬಂದದ್ದು ಸುಮಾರು 600ರ ಸಂಸ್ಕೃತ ಶಾಸನದಲ್ಲಿದೆ. ಚಂದ್ರಗುಪ್ತ ಮೌರ್ಯ ರಾಜ್ಯ ಬಿಟ್ಟು ಇಲ್ಲಿಗೆ ಬಂದು ದೇಹ ತ್ಯಜಿಸಿದನೆಂಬ ನಂಬಿಕೆಯಿಂದಲೇ ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು. 'ಇತಿಹಾಸಕಾರರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ' ಎಂದು ಮೇಷ್ಟ್ರು ಚೊಕ್ಕವಾಗಿ ಹೇಳಿದರು. ಗೈಡ್ ಒಬ್ಬರ ಬಾಯಲ್ಲಿ ಅಂಥ ವಾಕ್ಯ ಕೇಳಿ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಗುಂಪಿನಲ್ಲಿದ್ದ ಕಾಲೇಜು ಹುಡುಗ, ಯಾರದೋ ಮೊಮ್ಮಗ, 'ಇದು ಆತ್ಮಹತ್ಯೆ ಅಲ್ಲವೇ ಸಾರ್?' ಎಂದು ಕೇಳಿಯೇಬಿಟ್ಟ. ಹಿರಿಯರು ಕಸಿವಿಸಿಗೊಂಡರು. ಮೇಷ್ಟ್ರು 2015ರ ವಿಷಯ ತೆಗೆದರು. ರಾಜಸ್ಥಾನ ಹೈಕೋರ್ಟ್ ಹಾಗೆಂದೇ ಹೇಳಿ ಈ ವ್ರತವನ್ನು ನಿಷೇಧಿಸಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ದುಡುಕಿನಲ್ಲಿ ಪ್ರಾಣ ಕಳೆದುಕೊಳ್ಳುವುದಕ್ಕೂ ಗುರುವಿನ ಒಪ್ಪಿಗೆ ಪಡೆದು, ಎಲ್ಲರಲ್ಲೂ ಕ್ಷಮೆ ಬೇಡಿ, ದಿನದಿನಕ್ಕೆ ಅನ್ನ ನೀರು ಇಳಿಸುತ್ತಾ ಹೋಗುವುದಕ್ಕೂ ವ್ಯತ್ಯಾಸವಿದೆಯೆಂದು ಜೈನರು ಹೇಳುತ್ತಾರೆ ಎಂದರು. ಹುಡುಗನಿಗೆ ಒಪ್ಪಿಗೆಯಾಗಲಿಲ್ಲ, ನನಗೂ ಪೂರ್ತಿ ಆಗಿಲ್ಲ. ದೊಡ್ಡಮ್ಮ ಮಾತ್ರ ಕೈಚೀಲದಿಂದ ಮಾತ್ರೆ ಹುಡುಕುತ್ತಾ, 'ಯಾವಾಗ ಹೋಗಬೇಕೆಂದು ಅವರೇ ತೀರ್ಮಾನಿಸಿದರಲ್ಲ! ನಮ್ಮದನ್ನು ಐಸಿಯುನವರು ತೀರ್ಮಾನಿಸುತ್ತಾರೆ' ಎಂದಳು.

ರೈಲಿನಲ್ಲಿ ಹೇಳಿದ್ದ ಬಾಗಿಲು ಬಂತು. ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ. ಸವತಿಯರೆಂಬ ಆನೆಗಳಿಗೆ ತಾನು ಮದ್ದಾನೆ ಎಂದು ಬಿರುದು ಹೊತ್ತವಳು. ಬಸದಿಯ ಹೆಸರು ಕೇಳಿದ ಹೆಂಗಸರಲ್ಲಿ ಗುಸುಗುಸು ಎದ್ದಿತು. ಆದರೆ ಮೇಷ್ಟ್ರು ಹೇಳಬೇಕೆಂದಿದ್ದದ್ದು 1131ರ ಸುದ್ದಿ. ಆ ವರ್ಷ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನ ಹಿಡಿದು ಪ್ರಾಣ ಬಿಟ್ಟಳು. ಎರಡೂ ಇಲ್ಲಿನ ಶಾಸನದಲ್ಲಿವೆ. ಶಾಂತಲೆಯನ್ನು ನಾಟ್ಯರಾಣಿಯಾಗಿ ಎಷ್ಟೊಂದು ಕಡೆ ಮೆರೆಸಿದ್ದೇವೆ. ಮಗಳನ್ನು ಕಳೆದುಕೊಂಡು ಉಣ್ಣುವುದನ್ನು ಬಿಟ್ಟ ತಾಯಿಯನ್ನು ಹಾಸನದ ಶಾಲೆಯಲ್ಲಿ ಓದಿದ ನನಗೆ ಯಾರೂ ಹೇಳಿರಲಿಲ್ಲ.

ಕೆಲವನ್ನು ಬೇಗ ಬೇಗ ನೋಡಿದೆವು. ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು, ಚಂದ್ರಗುಪ್ತರ ಕಥೆಯನ್ನು ಪುಟ್ಟ ಪುಟ್ಟ ಚೌಕಗಳಲ್ಲಿ ಕೊರೆದ ಕಲ್ಲಿನ ಜಾಲಂಧ್ರ, ಅಂದರೆ ಜಾಲರಿ. ಅದರ ಮೇಲೆ ದಾಸೋಜ ಎಂಬ ಶಿಲ್ಪಿಯ ಹೆಸರು. ಇನ್ನೊಂದೆಡೆ ಬಂಡೆಯ ಮೇಲೆ 'ಶ್ರೀ ಕವಿರತ್ನ' ಎಂಬ ಬರಹ. ಇದು ರನ್ನನ ಹಸ್ತಾಕ್ಷರವೇ ಎಂದು ವಿದ್ವಾಂಸರು ನಂಬುತ್ತಾರೆ. ಚಾವುಂಡರಾಯ ಅವನ ಆಶ್ರಯದಾತ. ಪ್ರವಾಸಿ ತಾಣಗಳ ಗೋಡೆಯ ಮೇಲೆ ಹೆಸರು ಗೀಚುವವರನ್ನು ಬಯ್ಯುವುದರಲ್ಲಿ ನಾನು ಎಲ್ಲರಿಗಿಂತ ಮುಂದು. ರನ್ನನ ವಿಷಯದಲ್ಲಿ ನನ್ನ ತತ್ವ ಸಡಿಲವಾಯಿತು. ಇಲ್ಲಿನ ಶಾಸನಗಳಲ್ಲಿ ಎಷ್ಟೋ ಹೀಗೆ ಯಾತ್ರಿಕರು ಬರೆದು ಹೋದ ಬರಿಯ ಹೆಸರುಗಳೇ.

ದಕ್ಷಿಣದ ಬಾಗಿಲ ಬಳಿಯ ಕಂಬದ ಹತ್ತಿರ ಮೇಷ್ಟ್ರು ಎಲ್ಲರನ್ನೂ ಕೂರಿಸಿದರು. ಕೂಗೆ ಬ್ರಹ್ಮದೇವರ ಕಂಬ. ಗಂಗರ ಮಾರಸಿಂಹನ ನೆನಪಿನದು. 'ಬರೆದುಕೊಳ್ಳುವವರು ಬರೆದುಕೊಳ್ಳಿ' ಎಂದು ಇಸವಿಗಳನ್ನು ಹೇಳತೊಡಗಿದರು. 973ರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯ ಚಾಲುಕ್ಯ ತೈಲಪನ ಕೈಗೆ ಹೋಯಿತು. ಅದನ್ನು ಎತ್ತಿ ನಿಲ್ಲಿಸಲು ಹೆಣಗಿದ ಸಾಮಂತ ಮಾರಸಿಂಹ ಎರಡೇ ವರ್ಷಗಳಲ್ಲಿ ಬಂಕಾಪುರದಲ್ಲಿ ಸಲ್ಲೇಖನದಿಂದ, ಅಂದರೆ ಇದೇ ಉಪವಾಸದ ವ್ರತದಿಂದ, ಸತ್ತ. ಯಾರನ್ನು ಮತ್ತೆ ಸಿಂಹಾಸನದಲ್ಲಿ ಕೂರಿಸಬೇಕೆಂದಿದ್ದನೋ ಆ ರಾಷ್ಟ್ರಕೂಟ ಇಂದ್ರ 982ರಲ್ಲಿ ಇದೇ ಬೆಳಗೊಳದಲ್ಲಿ ಅದೇ ವ್ರತ ಹಿಡಿದು ಹೋದ. ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ತಲಕಾಡೂ ಚೋಳರ ಪಾಲಾಗಿ ಗಂಗರ ಆಳ್ವಿಕೆ ಮುಗಿಯಿತು. 'ಈ ಎರಡು ಸಾವುಗಳ ನಡುವೆ, 981ರ ಸುಮಾರಿಗೆ, ಮಾರಸಿಂಹನ ದಂಡನಾಯಕನಾಗಿದ್ದ ಚಾವುಂಡರಾಯ ಮಾಡಿಸಿದ್ದು ಅದು' ಎಂದು ಎದುರಿಗೆ ಕೈ ತೋರಿಸಿದರು.

ನಾವೆಲ್ಲ ತಿರುಗಿದೆವು. ನಡುವೆ ಕಲ್ಯಾಣಿ, ಊರಿನ ಮಾಡುಗಳು, ಆಚೆ ದೊಡ್ಡಬೆಟ್ಟದ ಬೋಳು ಬಂಡೆ, ಅದರ ನೆತ್ತಿಯಲ್ಲಿ ಸುತ್ತಾಲಯದ ಗೋಡೆಯ ಮೇಲೆ ಎದ್ದ ತಲೆ, ಭುಜಗಳು. ಗೊಮ್ಮಟ ಉತ್ತರಕ್ಕೆ ಮುಖ ಮಾಡಿದ್ದಾನೆ, ಅಂದರೆ ಈ ಬೆಟ್ಟದ ಕಡೆಗೆ. ಯುದ್ಧದಲ್ಲಿ ಅಣ್ಣ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು ನಡೆದವನು ಬಾಹುಬಲಿ. ಒಡೆಯರು ಒಬ್ಬೊಬ್ಬರಾಗಿ ರಾಜ್ಯ ಕಳೆದುಕೊಂಡು, ಉಪವಾಸವಿದ್ದು ಸಾಯುವುದನ್ನು ಕಂಡ ಒಬ್ಬ ಸೇನಾಪತಿ, ತೀರ್ಥಂಕರನೂ ಅಲ್ಲದ ಆ ಬಾಹುಬಲಿಯನ್ನೇ ಏಕೆ ಆರಿಸಿಕೊಂಡ ಎಂದು ಶಾಸನಗಳು ಹೇಳುವುದಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನಾದರು. ನನಗೆ ಮಾತ್ರ ಬಾಲ್ಯದಿಂದ ನೋಡಿದ ಮೂರ್ತಿಯ ಬಗ್ಗೆ ಮೊದಲ ಸಲ 'ಏಕೆ' ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿ. ದೊಡ್ಡಬೆಟ್ಟಕ್ಕೆ ನೇರವಾಗಿ ಹತ್ತಿದವನಿಗೆ 'ಎಷ್ಟು' ಎಂಬ ಪ್ರಶ್ನೆಯೇ ಬರುವುದು: ಎಷ್ಟು ಎತ್ತರ, ಎಷ್ಟು ಮೆಟ್ಟಿಲು, ಎಷ್ಟು ಕೊಡ ಹಾಲು.

ಕೆಳಗಿಳಿದು ಊರೊಳಗಿನ ಭಂಡಾರಿ ಬಸದಿ ನೋಡಿದೆವು. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು, ಒಳಗೆ ಇಪ್ಪತ್ತನಾಲ್ವರು ತೀರ್ಥಂಕರರು ಒಂದೇ ಸಾಲಿನಲ್ಲಿ. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ ಬಗೆಹರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೊರಡಿಸಿದ 1368ರ ಶಾಸನ ಇರುವುದೂ ಇಲ್ಲೇ. ಅಕ್ಕನ ಬಸದಿಯ ಕಥೆ ಇನ್ನೂ ಸೊಗಸು. 1181ರಲ್ಲಿ ಅದನ್ನು ಕಟ್ಟಿಸಿದ ಆಚಿಯಕ್ಕ ಜೈನಳು. ಅವಳ ಗಂಡ, ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿ, ಶೈವ. ಒಂದೇ ಮನೆಯಲ್ಲಿ ಎರಡು ದೇವರ ಕೋಣೆ ಇದ್ದಿರಬೇಕೆಂದು ದೊಡ್ಡಮ್ಮ ಲೆಕ್ಕ ಹಾಕಿದಳು. ಪುಳಿಯೋಗರೆ, ಮೊಸರನ್ನ ಮುಗಿಸಿದ ಮೇಲೆ ಆಕೆ, 'ನನಗೆ ಇಷ್ಟು ಸಾಕು. ಗೊಮ್ಮಟ ನನ್ನನ್ನು ನೋಡಿದ್ದಾನೆ' ಎಂದು ಬಸದಿಯ ಜಗಲಿಯಲ್ಲಿ ಕಾಲು ಚಾಚಿದಳು. ಡೋಲಿ ಮಾಡಿಸುತ್ತೇನೆಂದರೆ, ನಾಲ್ವರ ಹೆಗಲ ಮೇಲೆ ಹೋಗುವ ದಿನ ಹೇಗೂ ಬರುತ್ತದೆ ಎಂದು ನನ್ನ ಬಾಯಿ ಮುಚ್ಚಿಸಿದಳು.

ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ಬಗ್ಗೆ ಬರೆಯುವುದಕ್ಕೆ ಹೊಸದೇನಿಲ್ಲ. ಬಂಡೆ ಕಾದಿತ್ತು, ಬೆಟ್ಟದ ಬುಡದಲ್ಲಿ ಕಾಲುಚೀಲ ಮಾರುವವರಿಗೆ ವ್ಯಾಪಾರವಾಯಿತು. ಬಿಸಿಲಿನ ವಿಚಾರದಲ್ಲಿ ದೂರಿದವರ ಮಾತು ಸರಿಯೇ ಆಗಿತ್ತು. ಬೇಸಿಗೆಯಲ್ಲಿ ಬರುವವರಿಗೆ ಮೇಷ್ಟ್ರ ಕ್ರಮವನ್ನು ನಾನು ಶಿಫಾರಸು ಮಾಡುವುದಿಲ್ಲ.

ಮೇಲೆ ತ್ಯಾಗದ ಕಂಬದ ಬಳಿ ಮತ್ತೆ ನಿಂತೆವು. ಚಾವುಂಡರಾಯ ತನ್ನ ವಂಶ, ಪರಾಕ್ರಮಗಳನ್ನು ಆ ಕಂಬದ ಬುಡದಲ್ಲಿ ನಾಲ್ಕೂ ಕಡೆ ಬರೆಸಿದ್ದ. ಇನ್ನೂರು ವರ್ಷಗಳ ಮೇಲೆ ಹೆಗ್ಗಡೆ ಕಣ್ಣ ಎಂಬಾತ ಯಕ್ಷನೊಬ್ಬನನ್ನು ಮಾಡಿಸಿದ. ಆ ಸಂಗತಿ ಬರೆಸಲು ಮೂರು ಬದಿಯ ಬರಹವನ್ನು ಉಜ್ಜಿ ಹಾಕಿ, ತನ್ನ ಎರಡು ಮೂರು ಸಾಲು ಕೆತ್ತಿಸಿದ. ಇಷ್ಟು ದೊಡ್ಡ ಬೆಟ್ಟದಲ್ಲಿ ಅವನಿಗೆ ಬೇರೆ ಕಲ್ಲೇ ಸಿಗಲಿಲ್ಲವೇ! ಗೊಮ್ಮಟನನ್ನು ಮಾಡಿಸಿದವನ ಆತ್ಮಕಥೆ ಹೋದದ್ದು ಶತ್ರುವಿನ ಕೈಯಲ್ಲಲ್ಲ, ಅವನದೇ ಧರ್ಮದ ಒಬ್ಬ ಉತ್ಸಾಹಿ ಭಕ್ತನ ಕೈಯಲ್ಲಿ. ಈ ಕಂಬದ ಮುಂದೆ ಜನ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ನಾನೂ ಅಷ್ಟು ದಿನ ಹೋದವನೇ.

ಅಖಂಡ ಬಾಗಿಲಿನ ಗಜಲಕ್ಷ್ಮಿಯನ್ನು ದಾಟಿ ಸುತ್ತಾಲಯದೊಳಕ್ಕೆ ಬಂದರೆ ಮೂರ್ತಿ ಒಮ್ಮೆಲೇ ಪೂರ್ತಿ ಎದುರಾಗುತ್ತದೆ. 57 ಅಡಿಯೋ 58 ಅಡಿಯೋ ಎಂಬ ಚರ್ಚೆ ಗುಂಪಿನಲ್ಲಿ ಹುಟ್ಟಿತು, ಮೇಷ್ಟ್ರು ಅದರಲ್ಲಿ ಸೇರಲಿಲ್ಲ. ಪಾದದ ಪಕ್ಕದ ಹುತ್ತದ ಕಲ್ಲಿನ ಬಳಿ ನಮ್ಮನ್ನು ಬಗ್ಗಿಸಿದರು. 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂದು ಕನ್ನಡದಲ್ಲಿ. ಅದೇ ಮಾತು ತಮಿಳಿನಲ್ಲಿ, ನಾಗರಿ ಲಿಪಿಯ ಮರಾಠಿಯಲ್ಲಿ. ಸುತ್ತಾಲಯವನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜ ಮಾಡಿಸಿದನೆಂದೂ ಇದೆ. ಮಾಡಿಸಿದವರು ಇದ್ದಾರೆ. ಮಾಡಿದವರ ಹೆಸರು ಆ ಪಾದಗಳ ಬಳಿ ಎಲ್ಲಿಯೂ ಇಲ್ಲ. ಚಿಕ್ಕಬೆಟ್ಟದ ಕಲ್ಲಿನ ಜಾಲಂಧ್ರಕ್ಕೆ ಹೆಸರು ಹಾಕುವ ಸ್ವಾತಂತ್ರ್ಯ ದಾಸೋಜನಿಗಿತ್ತು. ಇಷ್ಟು ದೊಡ್ಡ ಕೆಲಸ ಮಾಡಿದ ಕೈಗಳಿಗೆ ಅದು ಒದಗಲಿಲ್ಲ, ಅಥವಾ ಬೇಕೆನಿಸಲಿಲ್ಲ. ಬಾಗಿಲ ಪಕ್ಕದಲ್ಲಿ ಬೊಪ್ಪಣ ಕವಿಯ ಸುಮಾರು 1180ರ ಪದ್ಯಶಾಸನವಿದೆ. ಬಹಳ ಎತ್ತರವಾದರೆ ಸೌಂದರ್ಯ ಇರುವುದಿಲ್ಲ, ಎತ್ತರ ಸೌಂದರ್ಯ ಎರಡೂ ಇದ್ದರೆ ಅತಿಶಯ ಇರುವುದಿಲ್ಲ, ಇಲ್ಲಿ ಮೂರೂ ಕೂಡಿವೆ ಎನ್ನುತ್ತಾನೆ ಅವನು. ಗೊಮ್ಮಟನ ಬಗ್ಗೆ ಇದಕ್ಕಿಂತ ಬಿಗಿಯಾದ ವಿಮರ್ಶೆಯನ್ನು ನಾನು ಓದಿಲ್ಲ.

ಬೆಳಗ್ಗೆ ಬೇರೆಯಾಗಿ ಹೋಗಿದ್ದ ಅಧಿಕಾರಿ ದಂಪತಿ ಅಷ್ಟು ಹೊತ್ತಿಗೆ ದೊಡ್ಡಬೆಟ್ಟ ಇಳಿದು, ಊಟ ಮಾಡಿ, ನೆರಳಿನಲ್ಲಿ ಕುಳಿತು ಬೇಸತ್ತಿದ್ದರು. ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಮೇಷ್ಟ್ರು ಅವರ ಪಕ್ಕ ಕುಳಿತು ಏನನ್ನೂ ಕೆಣಕದೆ ಒಂದು ಲೆಕ್ಕ ಹೇಳಿದರು. 1973ರಲ್ಲಿ ಪರಿಷ್ಕರಿಸಿದ ಶಾಸನ ಸಂಪುಟದಲ್ಲಿ ಈ ಊರಿನ ಮತ್ತು ಆಸುಪಾಸಿನ 573 ಶಾಸನಗಳಿವೆ. ದೊಡ್ಡಬೆಟ್ಟದವು 172, ಚಿಕ್ಕಬೆಟ್ಟದವು 271. ಅಧಿಕಾರಿಗಳಿಗೆ ಅಂಕಿಗಳ ಭಾಷೆ ಚೆನ್ನಾಗಿ ತಿಳಿಯಿತು. ಹೆಂಡತಿಯನ್ನು ಎಬ್ಬಿಸಿಕೊಂಡು ಚಿಕ್ಕಬೆಟ್ಟದ ಕಡೆ ಹೊರಟರು. ಓರೆ ಬಿಸಿಲು ಸಂಜೆಗೂ ಬೀಳುತ್ತದಲ್ಲ, ಅಕ್ಷರ ಕಂಡಾವು.

ಬೆಂಗಳೂರಿನ ಕಡೆಯಿಂದ ಬರುವ ರೈಲಿಗೆ ನಿಲ್ದಾಣದಲ್ಲಿ ಕಾಯುವಾಗ ಮುಂದಿನ ಪ್ರವಾಸದ ಮಾತು ಬಂತು. ಬೇಲೂರು, ಹಳೇಬೀಡು ಎಂದು ಎಲ್ಲರೂ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಪ್ರಪಂಚವೇ ಬರುತ್ತಿದೆ, ಆದರೆ ಎರಡೂ ಊರಿಗೆ ರೈಲಿಲ್ಲ. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ ಹಳಿ ಹಾಕುವ ಕೆಲಸ ನಡೆದಿದೆ. 'ಬಸ್ಸಾದರೆ ನಾನು ಬರುವುದಿಲ್ಲ' ಎಂದಳು ದೊಡ್ಡಮ್ಮ. ಬೇಲೂರಿಗೆ ರೈಲು ಬರುವವರೆಗೆ ಕಾಯುತ್ತೀರಾ ಎಂದು ಯಾರೋ ನಕ್ಕರು. ಬೆಂಗಳೂರಿನದಕ್ಕೆ ಕಾಯಲಿಲ್ಲವೇ, ಇದಕ್ಕೂ ಕಾಯುತ್ತೇನೆ ಎಂದು ಆಕೆ ಮೇಷ್ಟ್ರ ಕಡೆ ತಿರುಗಿ, 'ಅಷ್ಟರೊಳಗೆ ನೀವು ಬೇರೆಯವರನ್ನು ಒಪ್ಪಿಕೊಳ್ಳಬೇಡಿ' ಎಂದಳು. ಮೇಷ್ಟ್ರು ಜೇಬಿನ ಡೈರಿ ತೆಗೆದು ಅವಳ ಫೋನ್ ನಂಬರು ಬರೆದುಕೊಂಡರು.